ಸಾಹೇಬರು ಬಂದರೂ ಡಂಕ ನಿಲ್ಲಲಿಲ್ಲ

ಎಳ್ಳುಬೆಲ್ಲದ ತಿಳಗೂಳ ಕೈಗಿಟ್ಟು ‘ಗೋಡ ಬೋಲಾ’, ಸಿಹಿಯಾಗಿ ಮಾತಾಡಿ, ಎಂದ ಬಾಯಿಂದಲೇ ಜಾಗದ ಮಾಲೀಕರು ಖಾಲಿ ಮಾಡುವ ಮಾತನ್ನೂ ಆಡಿಬಿಟ್ಟರು. ಸಂಕ್ರಾಂತಿಯ ಸಂಜೆ. ಬೇಸಿಗೆಯ ಸೀಜನ್ನಿಗೆ ಮುಂಚೆ ಯಂತ್ರದ ಬೇರಿಂಗುಗಳಿಗೆ ಗ್ರೀಸು ಹಚ್ಚುತ್ತಿದ್ದೆ.

“ವೈನಿ, ಇಲ್ಲೆ ಕಾಂಪ್ಲೆಕ್ಸ್ ಕಟ್ಟಸಾಕತ್ತೇವಿ. ಈ ಬ್ಯಾಸಗಿ ಸೀಜನ್ ಮಾಡ್ಕೊಳ್ರಿ, ಬ್ಯಾಡ ಅನ್ನೂದಿಲ್ಲ. ದೀಪಾವಳಿಗೆ ಜಾಗಾ ಬಿಟ್ಟಬಿಡ್ರಿ,” ಎಂದರು. ಬಾಯಲ್ಲಿದ್ದ ಎಳ್ಳು ಕಹಿಯಾಯಿತು. ಆದರೂ ನಕ್ಕು “ಆಗ್ಲಿ ತಗೋರಿ” ಎಂದೆ. ಅವರು ಹೋದ ಮೇಲೆ ಗ್ರೀಸಿನ ಡಬ್ಬಿಯನ್ನು ಗೋಡೆಗೆ ಎಸೆದೆ. ನನ್ನ ಸಿಟ್ಟು ಹೀಗೆಯೇ, ಜನ ಹೋದ ಮೇಲೆ ಬರುತ್ತದೆ.

ಮಹಾರಾಷ್ಟ್ರದ ಗಡಿಯೊಳಗಿನ ಗಡಹಿಂಗ್ಲಜದಲ್ಲಿ ನಮ್ಮದು ಮೆಣಸಿನಕಾಯಿ ಕುಟ್ಟುವ ಡಂಕ. ಸಾಲಾಗಿ ಕಬ್ಬಿಣದ ಒರಳು, ಮೋಟಾರು ತಿರುಗಿದಂತೆ ಮೇಲೆದ್ದು ಧೊಪ್ಪನೆ ಬೀಳುವ ಒನಕೆ. ಯಂತ್ರಕ್ಕೂ ಡಂಕ ಎನ್ನುತ್ತಾರೆ, ಅಂಗಡಿಗೂ ಡಂಕ ಎನ್ನುತ್ತಾರೆ. ನಾವು ಪುಡಿ ಮಾರುವವರಲ್ಲ. ನಮ್ಮ ಕಡೆ ಮಂದಿ ವರ್ಷದ ಚಟ್ನಿಯನ್ನು, ಅಂದರೆ ಮಸಾಲೆ ಖಾರದ ಪುಡಿಯನ್ನು, ಬೇಸಿಗೆಯಲ್ಲಿ ಒಂದೇ ಸಲ ಮಾಡಿಸುತ್ತಾರೆ. ಊರಿನ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಆರಿಸಿ ಕೊಂಡು, ಬಣ್ಣಕ್ಕೆ ಒಂದಿಷ್ಟು ಬ್ಯಾಡಗಿ ಸೇರಿಸಿ, ಒಣಗಿಸಿ, ಹುರಿದು, ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಕಟ್ಟಿಕೊಂಡು ಬರುತ್ತಾರೆ. ತಮ್ಮ ಕಣ್ಣೆದುರಿಗೇ ಕುಟ್ಟಬೇಕು. ಹಿಂದಿನವರ ಪುಡಿಯ ಒಂದು ಚಿಟಿಕೆ ತಮ್ಮದರಲ್ಲಿ ಬೆರೆಯಬಾರದು. ಕುಟ್ಟಿ ಮುಗಿಯುವವರೆಗೆ ಒರಳಿನ ಮುಂದೆ ಮೂಗಿಗೆ ಸೆರಗು ಹಿಡಿದು ಕೂತಿರುತ್ತಾರೆ. ನಮಗೆ ಸಿಗುವುದು ಕುಟ್ಟಿದ ಕೂಲಿ ಮಾತ್ರ. ಅದರಲ್ಲೇ ನಮ್ಮ ಮನೆ, ಜೊತೆಗೆ ಜರಡಿ ಹಿಡಿಯುವ ಹೆಂಗಸರ ಮನೆಗಳೂ ನಡೆಯುತ್ತವೆ.

ಈ ಡಂಕವನ್ನು ಹಾಕಿದವರು ನನ್ನ ಅತ್ತೆ. ಅದು ಮುಚ್ಚಿಹೋದರೆ ಜರಡಿಯವರು ಕಬ್ಬು ಕಡಿಯಲು ಹೋಗಬೇಕು, ನಾನು ಯಾರದೋ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕು. ಆಜರಾ ರಸ್ತೆಯಲ್ಲಿ ಅತ್ತೆಯ ಹೆಸರಿನಲ್ಲಿ ಒಂದು ತುಂಡು ಜಾಗವಿತ್ತು. ಜಾಗವಿದ್ದರಾಯಿತೇ? ಶೆಡ್ಡು ಬೇಕು, ತ್ರೀ ಫೇಸ್ ಕರೆಂಟು ಬೇಕು, ಹೊಸ ಡಂಕ ಬೇಕು.

ನಮ್ಮವರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಅವರೇ ಸುದ್ದಿ ತಂದರು. ಆಹಾರ ಪದಾರ್ಥ ತಯಾರಿಸುವ ಸಣ್ಣ ಉದ್ಯೋಗಗಳಿಗೆ ಸರಕಾರದ ಯೋಜನೆಯೊಂದಿದೆಯಂತೆ. ಬ್ಯಾಂಕು ಸಾಲ ಕೊಡುತ್ತದೆ, ಅದರಲ್ಲಿ ಒಂದು ಪಾಲನ್ನು ಸರಕಾರ ಅನುದಾನವಾಗಿ ತುಂಬುತ್ತದೆ. ಅರ್ಜಿ ಆನ್‌ಲೈನಿನಲ್ಲಿ. ಅದು ಕೊಲ್ಹಾಪುರದ ಜಿಲ್ಲಾ ಸಮಿತಿಗೆ ಹೋಗಿ, ಅಲ್ಲಿ ಪಾಸಾದರೆ ಬ್ಯಾಂಕಿಗೆ ಬರುತ್ತದೆ.

ಸ್ಟ್ಯಾಂಡಿನ ಬಳಿ ಇಂಥ ಅರ್ಜಿಗಳನ್ನು ತುಂಬಿಕೊಡುವ ಏಜಂಟನೊಬ್ಬನಿದ್ದ. ನನ್ನ ಆಧಾರ್, ಉದ್ಯಮ ನೋಂದಣಿ, ಜಾಗದ ಪಹಣಿಯಾದ ಸಾತಬಾರಾ ಉತಾರೆ ಎಲ್ಲ ತೆಗೆದುಕೊಂಡು, ದಪ್ಪನೆಯ ಪ್ರಾಜೆಕ್ಟ್ ರಿಪೋರ್ಟು ಮಾಡಿಸಿ ತಂದ. ಬಣ್ಣದ ಹೊದಿಕೆ. ಅದರಲ್ಲಿ ನಾನು ‘ಮಸಾಲೆ ಪೊಟ್ಟಣಗಳ ತಯಾರಕಿ’. ನನ್ನ ಪೊಟ್ಟಣಗಳು ಪುಣೆ ಮುಂಬೈಯ ಶಾಪಿಂಗ್ ಮಾಲುಗಳಲ್ಲಿ ಮಾರಾಟವಾಗುತ್ತವೆ.

“ಇದ್ರಾಗ ನನ್ನ ಡಂಕ ಎಲ್ಲಿ ಐತೋ?” ಎಂದು ಕೇಳಿದೆ.

“ವೈನಿ, ಡಂಕ ಅಂದ್ರ ಬ್ಯಾಂಕಿನವ್ರು ನಗ್ತಾರ್ರೀ. ಪ್ಯಾಕಿಂಗ್ ಅಂದ್ರ ಕಾಮ್ ಫತ್ತೆ, ಕೆಲಸ ಆದಂಗ. ಎಲ್ಲಾರದೂ ಹಿಂಗ ಮಾಡ್ತೇವಿ,” ಎಂದ.

ಎಲ್ಲರದೂ ಹೀಗೆಯೇ ಇರಬೇಕು ಎಂದುಕೊಂಡು ಸುಮ್ಮನಾದೆ. ಸಮಿತಿಯಲ್ಲೂ ಪಾಸಾಯಿತು. ಅಲ್ಲಿ ಪ್ರಶ್ನೆ ಕೇಳಿದ್ದಕ್ಕೆಲ್ಲ ಏಜಂಟನೇ ಉತ್ತರ ಕೊಟ್ಟ, ನಾನು ತಲೆಯಾಡಿಸಿದೆ.

ಮಾರ್ಚಿನಲ್ಲಿ ಡಂಕದ ಮುಂದೆ ಸರತಿ ಹತ್ತಿತು. ಅಂಥ ಗದ್ದಲದಲ್ಲಿ ಬ್ಯಾಂಕಿನಿಂದ ಫೋನು ಬಂತು. ನಾಳೆ ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಘಟಕ ನೋಡಲು ಬರುತ್ತಾರೆ.

ಅತ್ತೆ ಎದ್ದು ನಿಂತರು. “ಯವ್ವಾ, ಬ್ಯಾಂಕಿನ ಸಾಹೇಬ್ರನ್ನ ಈ ಖಾರದ ಧೂಳಿನಾಗ ಕುಂಡ್ರಸ್ತೀಯೇನ? ನಮ್ಮ ಮನಿತನಕ್ಕ ಏನಂದಾರು?”

ನನಗೂ ಅದು ಸರಿಯೆನಿಸಿತು. ಮನೆಗೆ ದೊಡ್ಡವರು ಬರುವಾಗ ಅಂಗಳದಲ್ಲಿ ಕಸ ಬಿಟ್ಟುಕೊಂಡು ಕೂರುವವರು ನಾವಲ್ಲ. ಸರತಿಯಲ್ಲಿದ್ದವರಿಗೆಲ್ಲ “ನಾಳಿ ಒಂದಿನ ಬಂದ್, ನಾಡಿದ್ದು ಬರ್ರಿ” ಎಂದು ಹೇಳಿ ಕಳಿಸಿದೆ. ಅವರ ಚೀಲಗಳನ್ನೆಲ್ಲ ಪಕ್ಕದ ಮನೆಯ ಪಡಸಾಲೆಗೆ ಸಾಗಿಸಿದೆವು. ಗೋಡೆಗೆ ಕೂತಿದ್ದ ಕೆಂಪು ಧೂಳನ್ನು ಸೋಪಿನ ನೀರಿನಿಂದ ತಿಕ್ಕಿ ತೊಳೆದೆವು. ಒನಕೆಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದೆವು. ಒರಳಿಗೆ ವಿಭೂತಿ, ಮೋಟಾರಿಗೆ ಚೆಂಡುಹೂವಿನ ಮಾಲೆ, ಬಾಗಿಲಿಗೆ ರಂಗೋಲಿ. ಡಂಕವೆಂದರೆ ಡಂಕವಲ್ಲ, ಮದುವಣಗಿತ್ತಿ.

ಮ್ಯಾನೇಜರು ಬಂದರು. ಬಿಹಾರದ ಕಡೆಯವರು, ವಯಸ್ಸು ಚಿಕ್ಕದು, ಮಾತು ಹಿಂದಿ. ಒಂದು ಸೀನೂ ಸೀನಲಿಲ್ಲ. ಅತ್ತೆ ಮಾಡಿದ ಶಿರಾ ತಿಂದರು, ಚಹಾ ಕುಡಿದರು, ಯಂತ್ರದ ಫೋಟೋ ತೆಗೆದುಕೊಂಡರು.

“ಆಜ್ ಕಾಮ್ ನಹೀ ಹೈ?” ಇವತ್ತು ಕೆಲಸವಿಲ್ಲವೇ ಎಂದು ಕೇಳಿದರು.

“ಆಪಕೆ ಲಿಯೇ ಬಂದ್ ರಖಾ ಹೈ,” ನಿಮಗಾಗಿಯೇ ಬಂದ್ ಇಟ್ಟಿದ್ದೇವೆ ಎಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ. ಅವರು ನಕ್ಕರು. ಹೋಗುವಾಗ ಅತ್ತೆಗೆ ಕೈಮುಗಿದರು. ಆ ದಿನ ನಮ್ಮ ಮನೆಯಲ್ಲಿ ಹಬ್ಬ.

ವಾರ ಕಳೆಯುವಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು. ಅರ್ಜಿ ತಿರಸ್ಕೃತ. ಕಾರಣ: ಘಟಕದಲ್ಲಿ ಚಟುವಟಿಕೆ ಕಾಣಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಖಾರದ ಕೈಯಲ್ಲೇ ಎದ್ದು ಬ್ಯಾಂಕಿಗೆ ಹೋದೆ. ಈ ಸಲ ಜನ ಇದ್ದಾಗಲೇ ಸಿಟ್ಟು ಬಂದಿತ್ತು. ನನಗೆ ಬಂದಷ್ಟು ಹಿಂದಿಯಲ್ಲಿ, ಉಳಿದದ್ದನ್ನು ಮರಾಠಿಯಲ್ಲಿ, ಅದಕ್ಕೂ ಸಾಲದೇ ಹೋದದ್ದನ್ನು ಕನ್ನಡದಲ್ಲಿ ಹೇಳಿದೆ. ನಮ್ಮ ಶಿರಾ ತಿಂದು ನಮಗೇ ಹೀಗೆ ಮಾಡಬಹುದೇ ಎಂದೂ ಕೇಳಿದೆ.

ಮ್ಯಾನೇಜರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ತಾವೇ ತೆಗೆದ ಫೋಟೋ. ತೊಳೆದ ಗೋಡೆ, ಮಾಲೆ ಹಾಕಿದ ಮೋಟಾರು, ಹೊಳೆಯುವ ಒನಕೆ, ಒಬ್ಬ ನರಪಿಳ್ಳೆಯೂ ಇಲ್ಲ. ಮೇಡಂ, ನಾನು ಕಂಡದ್ದನ್ನು ಬರೆಯಬೇಕು, ಕೇಳಿದ್ದನ್ನಲ್ಲ ಎಂದರು. ನಿಂತ ಯಂತ್ರ ಕಂಡೆ, ಬರೆದೆ. ನಿಮ್ಮ ರಿಪೋರ್ಟಿನಲ್ಲಿ ಪೊಟ್ಟಣಗಳಿವೆ. ಒಂದು ಪೊಟ್ಟಣವನ್ನಾದರೂ ತೋರಿಸಿದಿರಾ?

ಆ ಫೋಟೋದಲ್ಲಿದ್ದದ್ದು ನನ್ನ ಡಂಕವೆಂದು ನನಗೇ ಗುರುತು ಹತ್ತಲಿಲ್ಲ. ಮತ್ತೆ ಅರ್ಜಿ ಹಾಕಿ, ಸಮಿತಿ ಕಳಿಸಿದರೆ ಮತ್ತೊಮ್ಮೆ ನೋಡುತ್ತೇನೆ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಏಜಂಟನಿಗೆ ಇದೇನು ಹೊಸದಲ್ಲ. “ಭಾಳ ಸಸಾರ ಐತ್ರಿ ವೈನಿ. ಕೊಲ್ಹಾಪುರದಿಂದ ಮಸಾಲಿ ಪಾಕೀಟ ತರ್ತೇನಿ, ನಿಮ್ಮ ಹೆಸರಿನ ಸ್ಟಿಕ್ಕರ್ ಹಚ್ತೇನಿ. ಒಂದ್ ದಿವಸ ಕಪಾಟಿನ್ಯಾಗ ಜೋಡಿಸಿಟ್ರ ಮುಗೀತು. ಸಾಹೇಬ್ರು ಫೋಟೋ ಹೊಡ್ಕೊಂಡು ಹೊಕ್ಕಾರ.”

“ಆಮ್ಯಾಲ?”

“ಆಮ್ಯಾಲ ಏನೈತ್ರಿ? ಸಾಲ ಬರ್ತೈತಿ.”

ಆ ರಾಕ್ಷಸ ರಿಪೋರ್ಟನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ. ಸಾಲ ಬಂದರೂ ಅದು ಪೊಟ್ಟಣ ತಯಾರಿಸುವ ಯಂತ್ರಗಳಿಗೇ ಬರುತ್ತದೆ. ಪೊಟ್ಟಣವನ್ನು ಕೊಳ್ಳುವವರು ಯಾರು? ನನ್ನ ಗಿರಾಕಿಗಳೆಲ್ಲ ಪೊಟ್ಟಣದ ಚಟ್ನಿಯನ್ನು ಕಂಡರೆ ಮೂಗು ಮುರಿಯುವವರು. ಅವರನ್ನು ಬಿಟ್ಟು, ಎಂದೂ ನೋಡದ ಮಾಲುಗಳನ್ನು ನಂಬಿ ಕಂತು ಕಟ್ಟಬೇಕು. ಅನುದಾನವೇನೋ ಸಿಗುತ್ತದೆ, ಆದರೆ ಡಂಕ ಮಾತ್ರ ಉಳಿಯುವುದಿಲ್ಲ.

“ಬ್ಯಾಡಪಾ. ಇದ್ರಾಗ ಇರೂ ಹೆಂಗಸ ನಾನಲ್ಲ. ನನ್ನ ಕಾಗದಾ ನನಗ ಕೊಡು,” ಎಂದೆ. ಅವನು ಹಟಮಾರಿ ಎಂದು ಗೊಣಗಿದ. ಹೌದು, ಹಟಮಾರಿಯೇ.

ಮರುದಿನ ಸರತಿಯನ್ನು ಅತ್ತೆಗೆ ಒಪ್ಪಿಸಿ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆ. ಯೋಜನೆಯನ್ನು ನೋಡಿಕೊಳ್ಳುವ ಕೃಷಿ ಕಚೇರಿಯಲ್ಲಿ ಒಬ್ಬರು ಮ್ಯಾಡಮ್ ಇದ್ದರು. ಸಮಿತಿಯ ಮುಂದೆ ನಾನು ಬರೀ ತಲೆಯಾಡಿಸಿದ್ದು ಅವರಿಗೆ ನೆನಪಿತ್ತು. “ಆತಾ ಬೋಲಾಲ ಕಾ?” ಎಂದು ನಕ್ಕರು, ಈಗಲಾದರೂ ಮಾತಾಡುತ್ತೀರಾ ಎಂದು.

ಮಾತಾಡಿದೆ. ಸೀಜನ್ನಿನಲ್ಲಿ ಬಾಗಿಲು ತೆಗೆದ ಕೂಡಲೇ ಏನು ನಡೆಯುತ್ತದೆ, ಯಾರು ಎಲ್ಲಿಂದ ಬರುತ್ತಾರೆ, ಮಳೆಗಾಲದಲ್ಲಿ ಹೇಗೆ ಬರೀ ಅರಿಶಿನ, ಗೋಧಿಕುಟ್ಟಣಿಯ ಮೇಲೆ ದಿನ ತಳ್ಳುತ್ತೇವೆ, ಎಲ್ಲ. ಮಾತಿನ ನಡುವೆ ಒಂದು ಸಂಗತಿ ಬಂತು. ಹಿಂದೆ ಮಂದಿ ಮನೆಯಲ್ಲೇ ಹುರಿದುಕೊಂಡು ಬರುತ್ತಿದ್ದರು. ಈಗ ಕೊಲ್ಹಾಪುರ, ಇಚಲಕರಂಜಿಯವರೆಲ್ಲ ಫ್ಲ್ಯಾಟು, ವಠಾರದಂಥ ಚಾಳುಗಳಲ್ಲಿದ್ದಾರೆ. ಒಬ್ಬರು ಮೆಣಸಿನಕಾಯಿ ಹುರಿದರೆ ಇಡೀ ಕಟ್ಟಡ ಕೆಮ್ಮುತ್ತದೆ, ಜಗಳವಾಗುತ್ತದೆ. “ವೈನಿ, ಹುರಿಯೂದೂ ನೀವ ಮಾಡ್ರಿ” ಎಂದು ಕೇಳುವವರು ವರ್ಷವರ್ಷಕ್ಕೂ ಹೆಚ್ಚುತ್ತಿದ್ದಾರೆ. ನಮ್ಮಲ್ಲಿ ಒಂದೇ ಒಲೆ, ಒಂದೇ ಬಾಣಲೆ.

ಮ್ಯಾಡಮ್ ಪೆನ್ನು ಕೆಳಗಿಟ್ಟರು. “ಹಾಗಾದರೆ ರೋಸ್ಟರ್ ಏಕೆ ಕೇಳಲಿಲ್ಲ? ಪ್ಯಾಕಿಂಗ್ ಯಂತ್ರ ಏಕೆ ಕೇಳಿದಿರಿ?” ಎಂದು ಮರಾಠಿಯಲ್ಲಿ ಗದರಿದರು.

ಹೊಸ ರಿಪೋರ್ಟು ಅಲ್ಲೇ ಹುಟ್ಟಿತು. ಹೆಸರು: ಮೆಣಸಿನಕಾಯಿ ಹುರಿದು ಕುಟ್ಟಿಕೊಡುವ ಘಟಕ. ತಿರುಗುವ ಡ್ರಮ್ಮಿನ ಗ್ಯಾಸ್ ರೋಸ್ಟರ್, ಹೊಸ ಡಂಕ, ಧೂಳು ಎಳೆಯುವ ಫ್ಯಾನು, ಗಿರಾಕಿಗಳಿಗೆ ಕೂರಲು ಕಟ್ಟೆ. ಮಾರಾಟದ ಬದಲು ಕುಟ್ಟುವ ಕೂಲಿಯನ್ನೇ ಆದಾಯವೆಂದು ಬರೆದೆವು. ಕೂಲಿ ಕೆಲಸ ಈ ಯೋಜನೆಯಲ್ಲಿ ಕೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಮ್ಯಾಡಮ್ ನಿಯಮಗಳನ್ನು ತೆಗೆದು ನೋಡಿ, ಮೇಲಿನವರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡರು. ಹಳೆಯ ಕರೆಂಟ್ ಬಿಲ್ಲುಗಳನ್ನು ಲಗತ್ತಿಸಲು ಹೇಳಿದರು, ಬೇಸಿಗೆಯ ಬಿಲ್ಲು ಯಾವಾಗಲೂ ಏರಿಯೇ ಇರುತ್ತದಲ್ಲ. ಕಂತನ್ನು ಸುಗ್ಗಿಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಇಡಿ ಎಂದು ಬ್ಯಾಂಕನ್ನು ಕೇಳುವ ಹಕ್ಕು ನನಗಿದೆ ಎಂದೂ ತಿಳಿಸಿದರು. ಇಷ್ಟು ದಿನ ನನಗದು ಗೊತ್ತೇ ಇರಲಿಲ್ಲ.

ಒಂದು ತೊಡಕು ಉಳಿಯಿತು. ಜಾಗ ಅತ್ತೆಯದು, ಉದ್ಯೋಗ ನನ್ನದು. ಅವರು ನನಗೆ ಜಾಗವನ್ನು ನೋಂದಾಯಿತ ಬಾಡಿಗೆ ಕರಾರಿನ ಮೇಲೆ ಕೊಡಬೇಕು. ಅತ್ತೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಒರಳು ತೊಳೆಯುತ್ತ, “ನಾ ಸತ್ತಮ್ಯಾಲ ಎಲ್ಲಾ ನಿನ್ನದ ಅಲ್ಲ? ಈಗ್ಯಾಕ ನನ್ನ ಕಡೆ ಬಾಡಗಿಗೆ ಇಸ್ಕೋತಿ?” ಎಂದರು. ಸೊಸೆ ಜಾಗ ಬರೆಸಿಕೊಳ್ಳುತ್ತಿದ್ದಾಳೆಂದು ಓಣಿಯಲ್ಲಿ ಯಾರೋ ಕಿವಿ ಊದಿದ್ದರು.

“ಜಾಗಾ ನಿಮ್ಮದ ಇರ್ತೈತ್ರಿ ಅತ್ತಿ. ನಾ ತಿಂಗಳಾ ತಿಂಗಳಾ ನಿಮಗ ಬಾಡಗಿ ಕೊಡಾಕಿ. ಕೊಡಲಿಲ್ಲಂದ್ರ ನನ್ನ ಹೊರಗ ಹಾಕ್ರಿ,” ಎಂದೆ.

ಅತ್ತೆ ಒರಳಿಗೆ ಮತ್ತೊಂದು ತಂಬಿಗೆ ನೀರು ಸುರಿದರು. “ಹಾಕ್ತೇನಿ ಮತ್ತ,” ಎಂದರು. ನೋಂದಣಿ ಕಚೇರಿಯಲ್ಲಿ ಇಳಕಲ್ ಸೀರೆಯುಟ್ಟು ಬಂದು ಸಹಿ ಮಾಡಿದರು.

ಸಮಿತಿಯಲ್ಲಿ ಈ ಸಲ ನಾನೇ ಮಾತಾಡಿದೆ, ಅರ್ಜಿ ಮತ್ತೆ ಬ್ಯಾಂಕಿಗೆ ಬಂತು. ಆಗಲೇ ಮೇ ತಿಂಗಳು ಮುಗಿಯುತ್ತ ಬಂದಿತ್ತು. ಮೃಗಶಿರಾ ಮಳೆ ಶುರುವಾದರೆ ಡಂಕದ ಮುಂದೆ ಒಬ್ಬರೂ ಇರುವುದಿಲ್ಲ. ಆಮೇಲೆ ಯಾರು ಬಂದರೂ ನಿಂತ ಯಂತ್ರವನ್ನೇ ಕಾಣುತ್ತಾರೆ, ದೀಪಾವಳಿಗೆ ನಮ್ಮ ಕತೆ ಮುಗಿಯುತ್ತದೆ. ಮ್ಯಾನೇಜರಿಗೆ ಫೋನು ಮಾಡಿ, “ಮಳೆ ಬರೂದ್ರೊಳಗ ಬರ್ರಿ. ಯಾವತ್ತರೆ ಬರ್ರಿ. ಬರೂ ಮುಂದ ನನಗ ಹೇಳಬ್ಯಾಡ್ರಿ” ಎಂಬುದನ್ನು ನನ್ನ ಹಿಂದಿಯಲ್ಲಿ ಹೇಳಿದೆ.

ಅವರು ಬಂದದ್ದು ಇಚಲಕರಂಜಿಯ ಟೆಂಪೋ ಬಂದ ದಿನವೇ. ಆ ಊರಿನ ಪಕ್ಕದ ಯಡ್ರಾವದ ಕಡೆ ಮಗ್ಗಗಳಲ್ಲಿ ದುಡಿಯುವ ಮನೆಗಳ ಹೆಂಗಸರು ವರ್ಷಕ್ಕೊಮ್ಮೆ ಟೆಂಪೋ ಮಾಡಿಕೊಂಡು ಬರುತ್ತಾರೆ. ಹೆಚ್ಚಿನವರು ರಾಯಬಾಗ, ಗೋಕಾಕದ ಕಡೆಯಿಂದ ಹೋಗಿ ನೆಲೆಸಿದವರು. ಅವರ ಮುಂದಾಳು ಒಬ್ಬ ಅಕ್ಕ, ದನಿ ಮಗ್ಗದ ಸದ್ದನ್ನೂ ಮೀರಿಸುವಂಥದ್ದು. ಆಕೆಯ ಮೆಣಸಿನಕಾಯಿಯೇ ಒರಳಿನಲ್ಲಿತ್ತು. ಗಾಳಿ ಕೆಂಪಾಗಿತ್ತು, ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ.

ಮ್ಯಾನೇಜರು ಬಾಗಿಲಲ್ಲೇ ಸೀನಿದರು. ಸೀನುತ್ತಲೇ ಒಳಗೆ ಬರಲು ನೋಡಿದರು.

ಅಕ್ಕ ಕೈ ಅಡ್ಡ ಹಿಡಿದಳು. “ಏ ಭಾವೂ, ಎಲ್ಲಿ ಹೊಂಟೀರಿ? ನಂಬರ ಹಿಡೀರಿ. ನಾವು ಕೋಳಿ ಕೂಗೂದ್ರೊಳಗ ಬಂದೇವಿ.”

“ಅಕ್ಕಾರ, ಅವರು ಬ್ಯಾಂಕಿನ ಸಾಹೇಬ್ರು,” ಎಂದೆ.

“ಇರ್ಲಿ ಬಿಡ್ರಿ. ಬ್ಯಾಂಕಿನ್ಯಾಗ ನಾವು ನಿಂದ್ರೂದಿಲ್ಲೇನ ಲೈನಿಗೆ?”

ಹೆಂಗಸರೆಲ್ಲ ನಕ್ಕರು. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದು, ಮೋಟಾರಿನ ಮೇಲಿನ ತಗಡಿನ ನಂಬರಿನ ಫೋಟೋ ಬೇಕು, ತಗಡು ಅಲುಗಾಡುತ್ತಿದೆ, ಎರಡು ನಿಮಿಷ ಯಂತ್ರ ನಿಲ್ಲಿಸಿ ಎಂದರು.

ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಸಾಹೇಬರು ಕೇಳಿದ್ದಾರಲ್ಲ. ಅಷ್ಟರಲ್ಲಿ ಒರಳಿನ ಮುಂದೆ ಕೂತ ಅಕ್ಕನ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಒಂದು ಮನೆಯ ಚಟ್ನಿ ಒರಳಿಗೆ ಬಿದ್ದರೆ ಕುಟ್ಟಿ ಮುಗಿಯುವವರೆಗೆ ಒನಕೆ ನಿಲ್ಲಬಾರದು. ನಿಂತರೆ ಆ ಚಟ್ನಿ ವರ್ಷ ತಾಳುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಿಜವೋ ಸುಳ್ಳೋ, ಅತ್ತೆಯ ಕಾಲದಿಂದ ಈ ಡಂಕದಲ್ಲಿ ಯಾರ ಚಟ್ನಿಯೂ ನಡುವೆ ನಿಂತಿಲ್ಲ. ಕರೆಂಟು ಹೋದರೆ ಕೂಡ ಮರದ ಒನಕೆ ತೆಗೆದುಕೊಂಡು ಕೈಯಿಂದ ಕುಟ್ಟುತ್ತೇವೆ.

ಮೊದಲ ಸಲ ಇವರಿಗಾಗಿ ಇಡೀ ಅಂಗಡಿಯನ್ನೇ ನಿಲ್ಲಿಸಿದ್ದೆ, ಅದರಿಂದ ಏನಾಯಿತೆಂದು ಕಂಡಿದ್ದೆ. ಕೈ ಹಿಂದಕ್ಕೆ ತೆಗೆದೆ.

“ನಹೀ ಸಾಹೇಬ್. ಇನಕಾ ಹೋನೇ ತಕ್ ರುಕನಾ ಪಡೇಗಾ,” ಇವರದು ಮುಗಿಯುವವರೆಗೆ ಕಾಯಬೇಕು ಎಂದೆ.

ಅವರ ಮುಖ ಗಂಭೀರವಾಯಿತು. ಅತ್ತೆ ಮೂಲೆಯಿಂದ ಕಣ್ಣು ಕಿಸಿದು ನನ್ನನ್ನು ನೋಡಿದರು. ಎಲ್ಲ ಹಾಳು ಮಾಡಿದೆಯಲ್ಲೇ ಎಂಬ ನೋಟ. ನನಗೂ ಹಾಗೇ ಅನಿಸಿತು. ಆದರೂ ಸ್ವಿಚ್ಚು ಮುಟ್ಟಲಿಲ್ಲ.

ಮ್ಯಾನೇಜರು ಅತ್ತಿತ್ತ ನೋಡಿ, ಒಂದು ಕೊತ್ತಂಬರಿಯ ಚೀಲದ ಮೇಲೆ ಕೂತರು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅಕ್ಕ ತನ್ನ ಬಾಟಲಿಯ ನೀರು ಕೊಟ್ಟಳು. ಅವರು ಕುಡಿದು, ಇಷ್ಟು ದೂರ ಏಕೆ ಬರುತ್ತೀರಿ, ಇಚಲಕರಂಜಿಯಲ್ಲಿ ಗಿರಣಿಗಳಿಲ್ಲವೇ ಎಂದು ಕೇಳಿದರು. ಅದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

“ಅದಾವ, ಭಾಳ ಅದಾವ,” ಎಂದಳು ಅಕ್ಕ. “ಆದ್ರ ಇಲ್ಲೆ ಪ್ಯಾಟ್ಯಾಗ ನಾನ ಆರಸ್ತೇನಿ, ನನ್ನ ಕಣ್ಣ ಮುಂದ ಕುಟ್ತಾರ. ಹುಡುಗ್ರು ವರ್ಷಾನಗಟ್ಲೆ ಇದನ್ನ ರೊಟ್ಟಿಗೆ ಹಚ್ಕೊಂಡು ತಿಂತಾರ್ರೀ. ಚಾಳಿನ್ಯಾಗ ಹುರದ್ರ ಮಾಲಕ ಹೊಡ್ಯಾಕ ಬರ್ತಾನ. ಈ ವೈನಿ ಹುರಿಯೂ ಮಶೀನ ಹಾಕಿದ್ಲಂದ್ರ ನಾವು ಎರಡು ಟೆಂಪೋ ತರ್ತೇವಿ ಅಂತ ಹೇಳ್ರಿ ಸಾಹೇಬ್ರಿಗೆ.”

“ಡಂಕ ಈ ಜಾಗದಿಂದ ಹೋದರೆ?” ಎಂದು ಅವರು ಕೇಳಿದರು.

“ಎಲ್ಲಿಗೆ ಹೊಕ್ಕೈತೋ ಅಲ್ಲಿಗೆ ಹೊಕ್ಕೇವಿ. ಡಂಕಕ್ಕ ಬರ್ತೇವ್ರೀ ನಾವು, ಗ್ವಾಡಿಗಲ್ಲ.”

ಅಕ್ಕನ ಚಟ್ನಿ ಮುಗಿಯಿತು. ಜರಡಿ ಹಿಡಿದು, ಉಪ್ಪು ಬೆಳ್ಳುಳ್ಳಿ ಸೇರಿಸಿ, ಡಬ್ಬಿಗೆ ತುಂಬಿದ ಮೇಲೆಯೇ ಮೋಟಾರು ನಿಲ್ಲಿಸಿ ಒರಳನ್ನು ಒರೆಸಿದೆ. ಮ್ಯಾನೇಜರು ಎದ್ದು ಫೋಟೋ ತೆಗೆದುಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಸರತಿಯನ್ನು ತೆಗೆದರು, ಚೀಲಗಳನ್ನು ತೆಗೆದರು, ಟೆಂಪೋವನ್ನೂ ತೆಗೆದರು. ಹೋಗುವಾಗ ಕೆಂಪಾದ ಕಣ್ಣನ್ನು ಒರೆಸಿಕೊಳ್ಳುತ್ತ, “ಅಬ್ ದಿಖಾ” ಎಂದರು. ಈಗ ಕಂಡಿತು.

ಮಂಜೂರಾತಿ ಬಂದ ದಿನ ಮಳೆ ಹಿಡಿದಿತ್ತು, ಡಂಕದ ಮುಂದೆ ಒಬ್ಬರೂ ಇರಲಿಲ್ಲ. ನಾನು ಮಾತ್ರ ಖಾಲಿ ಅಂಗಡಿಯಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ನಾಚಿಕೆಯೇನಿಲ್ಲ. ಕಂತುಗಳನ್ನು ಕೇಳಿದ ಹಾಗೆಯೇ ಹೊಂದಿಸಿದ್ದರು. ಅನುದಾನ ಕೈಗೆ ಬರುವಂಥದ್ದಲ್ಲ, ಸಾಲದ ಪಕ್ಕದಲ್ಲಿ ಬೇರೆಯಾಗಿ ಕಟ್ಟಿಟ್ಟಿರುತ್ತಾರೆ, ಸರಿಯಾಗಿ ನಡೆಸಿದರೆ ಕೊನೆಯಲ್ಲಿ ಅಷ್ಟು ಸಾಲ ಕರಗುತ್ತದೆ. ಆಗಲಿ, ನಡೆಸುವುದು ನನ್ನ ಕೈಯಲ್ಲಿದೆ.

ಶೆಡ್ಡಿನ ಪಾಯಕ್ಕೆ ನೀರು ನುಗ್ಗಿತು, ತ್ರೀ ಫೇಸಿನ ಕಂಬಕ್ಕಾಗಿ ವಿದ್ಯುತ್ ಕಚೇರಿಯ ಮೆಟ್ಟಿಲು ಸವೆಸಿದೆ, ರೋಸ್ಟರಿನ ಡ್ರಮ್ಮು ಮೊದಲ ಸಲ ಮೆಣಸಿನಕಾಯಿಯನ್ನೆಲ್ಲ ಕರಿ ಮಾಡಿ ಉಗುಳಿತು. ನಮ್ಮವರು ರಜೆ ಹಾಕಿ ಅದರ ವೇಗ ಇಳಿಸಿ, ಉರಿ ತಗ್ಗಿಸಿ, ಮತ್ತೆ ಮತ್ತೆ ಹುರಿದು ನೋಡಿದರು. ಓಣಿಯೆಲ್ಲ ಕೆಮ್ಮಿತು. ದೀಪಾವಳಿಗೆ ಮುಂಚೆ, ಹೇಳಿದ ಮಾತಿನಂತೆ, ಹಳೆಯ ಜಾಗದ ಕೀಲಿಯನ್ನು ಮಾಲೀಕರ ಕೈಗಿಟ್ಟೆ.

ಈ ಬೇಸಿಗೆಯ ಮೊದಲ ದೊಡ್ಡ ಪೇಟೆಯ ದಿನ ಬಾಗಿಲು ತೆಗೆಯುವಷ್ಟರಲ್ಲಿ ಹೊಸ ಶೆಡ್ಡಿನ ಕಟ್ಟೆ ತುಂಬಿತ್ತು. ರಸ್ತೆಯವರೆಗೆ ಚೀಲಗಳು. ಜರಡಿಯ ಹೆಂಗಸರ ಜೊತೆಗೆ ಹುರಿಯಲು ಉತ್ತೂರಿನ ಇಬ್ಬರನ್ನು ಹೊಸದಾಗಿ ಸೇರಿಸಿಕೊಂಡಿದ್ದೆ. ಅವರಿಗೂ ಪುರುಸೊತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸರತಿ ಹಚ್ಚುತ್ತಿದ್ದರು. ಮೊದಲ ಸಲ ಬಂದ ಹೆಂಗಸೊಬ್ಬಳು ಶೆಡ್ಡನ್ನೂ ರೋಸ್ಟರನ್ನೂ ಮೇಲೆ ಕೆಳಗೆ ನೋಡಿ, “ಭಾಳ ಛಂದ ಆಗೇತಿ. ಎಲ್ಲಾ ಸರಕಾರ ಕೊಟ್ಟತೇನ್ರೀ ವೈನಿ?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದರು.

“ಕೊಟ್ಟಿದ್ದಲ್ಲವ್ವಾ,” ಎಂದರು. “ನಮ್ಮ ಸೊಸಿ ಇಸ್ಕೊಂಡಾಳ.”